ವ್ಯವಹಾರ ನಡೆಸಲಾಗದವರ ಪರವಾಗಿ ಕೋರ್ಟಿಗೆ: ಶುಲ್ಕ ಎಷ್ಟು, ಖರ್ಚು ಎಲ್ಲಿ?

ಪ್ರಶ್ನೆ: ನಮ್ಮ ತಂದೆಯವರಿಗೆ 74 ವರ್ಷ. ಡಿಮೆನ್ಷಿಯಾ ಶುರುವಾಗಿ ಮೂರು ವರ್ಷವಾಯಿತು, ಈಗ ಮಕ್ಕಳ ಗುರುತೂ ಹತ್ತುವುದಿಲ್ಲ. ಅವರ ಹೆಸರಿನಲ್ಲಿ ಮನೆ, ಎರಡು ಎಕರೆ ತೋಟ, ಬ್ಯಾಂಕಿನಲ್ಲಿ ಠೇವಣಿ ಇವೆ. ಚೆನ್ನಾಗಿದ್ದಾಗಲೇ ನನ್ನ ಹೆಸರಿಗೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಬರೆದುಕೊಟ್ಟಿದ್ದರು. ಬ್ಯಾಂಕಿನವರು ಅದು ನಡೆಯುವುದಿಲ್ಲ, ಗಾರ್ಡಿಯನ್ ಆದೇಶ ತನ್ನಿ ಅನ್ನುತ್ತಾರೆ. ಆಸ್ತಿ ಬೆಲೆಯ ಮೇಲೆ ಶೇಕಡಾವಾರು ಕೋರ್ಟ್ ಫೀ ಬೀಳುತ್ತದೆ ಎಂದು ಪರಿಚಿತರೊಬ್ಬರು ಹೆದರಿಸಿದ್ದಾರೆ. ನಿಜವೇ?
– ಓದುಗರು, ಹಾಸನ

ಉತ್ತರ: ನಿಜವಲ್ಲ. ಗಾರ್ಡಿಯನ್, ಅಂದರೆ ಪಾಲಕರ ನೇಮಕದ ಅರ್ಜಿಗೆ ಶುಲ್ಕ ನಿಗದಿತ ಮೊತ್ತ. ಆಸ್ತಿ ಹತ್ತು ಲಕ್ಷದ್ದಾದರೂ ಹತ್ತು ಕೋಟಿಯದ್ದಾದರೂ ಅದು ಬದಲಾಗದು. ಮೌಲ್ಯದ ಮೇಲೆ ಶುಲ್ಕ ಬೀಳುವುದು ವ್ಯಕ್ತಿ ತೀರಿಕೊಂಡ ಮೇಲೆ ಕೇಳುವ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ, ಪ್ರೊಬೇಟ್‌ಗೆ (ಉಯಿಲಿಗೆ ಕೋರ್ಟಿನ ದೃಢೀಕರಣಕ್ಕೆ). ನಿಮ್ಮ ಪರಿಚಿತರು ಅದನ್ನೂ ಇದನ್ನೂ ಬೆರೆಸಿದ್ದಾರೆ.

ಜಿಪಿಎ ವಿಷಯದಲ್ಲಿ ಬ್ಯಾಂಕಿನವರು ಹೇಳಿದ್ದು ಸರಿ. 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಅಲ್ಲಿಗೇ ಮುಗಿಯುತ್ತದೆ. ನೋಂದಣಿ ಆಗಿದ್ದರೂ ಅಷ್ಟೆ. ಸ್ವಾಧೀನ ತಪ್ಪಿದ ಮೇಲೂ ಉಳಿಯುವಂಥ ಪವರ್ ಆಫ್ ಅಟಾರ್ನಿ ನಮ್ಮ ಕಾನೂನಿನಲ್ಲಿ ಇಲ್ಲ. ದಯವಿಟ್ಟು ಅದೇ ಜಿಪಿಎ ಹಿಡಿದು ತೋಟ ಮಾರಲು ಹೋಗಬೇಡಿ. ನಾಳೆ ಒಬ್ಬ ವಾರಸುದಾರ ತಕರಾರು ತೆಗೆದರೆ ಕೊಂಡವರ ಹಕ್ಕೂ ಅಲುಗಾಡುತ್ತದೆ, ನೀವೂ ಸಿಕ್ಕಿಬೀಳುತ್ತೀರಿ.

ನಿಮಗಿರುವ ದಾರಿ ಎರಡು. ಒಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಮಿನಡಿ ಜಿಲ್ಲಾ ನ್ಯಾಯಾಲಯದಲ್ಲಿ ಸೀಮಿತ ಪಾಲಕತ್ವ ಕೇಳುವುದು. ಹೆಸರೇ ಹೇಳುವಂತೆ ಇದು ಗೊತ್ತಾದ ಅವಧಿಗೆ, ಗೊತ್ತಾದ ವ್ಯವಹಾರಗಳಿಗೆ ಮಾತ್ರ ಸಿಗುವ ಅಧಿಕಾರ. ಇನ್ನೊಂದು, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಠೇವಣಿ ಬಿಡಿಸಿ ಔಷಧಿ, ಆರೈಕೆಯ ಖರ್ಚು ನೋಡಿಕೊಳ್ಳುವುದಷ್ಟೇ ಆದರೆ ಮೊದಲನೆಯದರಿಂದ ಶುರುಮಾಡಿ. ಸ್ಥಿರಾಸ್ತಿ ಮಾರಲೇಬೇಕಾದ ಪರಿಸ್ಥಿತಿಯಿದ್ದರೆ ಹೈಕೋರ್ಟಿನ ಆದೇಶ ಗಟ್ಟಿ ಎಂಬುದು ನಮ್ಮ ಅಭಿಪ್ರಾಯ.

ಹಣ, ಸಮಯ ಎರಡೂ ಸೋರುವುದು ಶುಲ್ಕದಲ್ಲಲ್ಲ, ಕಾಗದಪತ್ರದಲ್ಲಿ. ವೈದ್ಯಕೀಯ ಪ್ರಮಾಣಪತ್ರವನ್ನೇ ನೋಡಿ. 'ವಯೋಸಹಜ ಮರೆವು ಇದೆ' ಎಂಬ ಒಂದು ಸಾಲಿನ ಚೀಟಿ ಸಾಲದು. ಪರೀಕ್ಷಿಸಿದ ದಿನಾಂಕ, ಕಾಯಿಲೆಯ ಹೆಸರು, ಎಷ್ಟು ಕಾಲದಿಂದ ಇದೆ, ಹಣಕಾಸಿನ ವಿಷಯ ತಿಳಿದು ತೀರ್ಮಾನಿಸಬಲ್ಲರೇ, ಗುಣವಾಗುವ ಸಾಧ್ಯತೆ ಇದೆಯೇ, ಇಷ್ಟನ್ನೂ ನರರೋಗ ತಜ್ಞರು ಅಥವಾ ಮನೋವೈದ್ಯರು ಬಿಡಿಸಿ ಬರೆಯಬೇಕು.

ಅರ್ಜಿಯ ಜೊತೆಗಿನ ಆಸ್ತಿ ಷೆಡ್ಯೂಲ್ (ಪಟ್ಟಿ) ಕೂಡ ಹಾಗೇ. 'ಬ್ಯಾಂಕಿನಲ್ಲಿರುವ ಠೇವಣಿಗಳು' ಎಂದು ಬರೆದರೆ ಆದೇಶದಲ್ಲೂ ಅದೇ ಬರುತ್ತದೆ. ಅದನ್ನು ಕೌಂಟರಿಗೆ ಒಯ್ದಾಗ 'ಈ ರಸೀದಿಯ ನಂಬರ್ ಆದೇಶದಲ್ಲಿ ಎಲ್ಲಿದೆ?' ಎಂದು ಕೇಳುತ್ತಾರೆ. ಮತ್ತೆ ತಿದ್ದುಪಡಿ ಅರ್ಜಿ, ಮತ್ತೆ ವಕೀಲರ ಫೀ, ಮತ್ತೆ ತಿಂಗಳುಗಟ್ಟಲೆ ಕಾಯುವುದು. ಆದ್ದರಿಂದ ಖಾತೆ ಸಂಖ್ಯೆ, ಶಾಖೆಯ ಹೆಸರು, ಪ್ರತಿ ಠೇವಣಿ ರಸೀದಿಯ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ತೋಟದ ಸರ್ವೆ ನಂಬರ್ ಮತ್ತು ಚಕ್ಕುಬಂದಿ, ಮನೆಯ ಖಾತಾ ನಂಬರ್, ಲಾಕರ್ ಇದ್ದರೆ ಅದರ ಸಂಖ್ಯೆ ಎಲ್ಲವನ್ನೂ ಬರೆಸಿ. ಮಾಗಿದ ಠೇವಣಿ ನವೀಕರಣವಾದಾಗ ರಸೀದಿ ಸಂಖ್ಯೆ ಬದಲಾಗಬಹುದು. 'ಇವುಗಳ ನವೀಕರಣಗಳೂ ಸೇರಿ' ಎಂಬ ಮಾತು ಅರ್ಜಿಯ 'ಪ್ರಾರ್ಥನೆ'ಯಲ್ಲಿ, ಅಂದರೆ ಕೋರ್ಟನ್ನು ಏನು ಕೇಳುತ್ತೀರಿ ಎಂದು ಬರೆಯುವ ಭಾಗದಲ್ಲಿ ಇರಲಿ.

ತಾಯಿ, ಅಣ್ಣ, ತಂಗಿ ಹೀಗೆ ವಾರಸುದಾರರೆಲ್ಲರ ಹೆಸರೂ ಅರ್ಜಿಯಲ್ಲಿ ಬರಬೇಕು. ಅವರ ಒಪ್ಪಿಗೆಯ ಅಫಿಡವಿಟ್ (ಪ್ರಮಾಣ ಮಾಡಿ ಕೊಡುವ ಹೇಳಿಕೆ) ಮೊದಲೇ ಲಗತ್ತಿಸಿದರೆ ನೋಟೀಸು ಜಾರಿಗೆ ಹಿಡಿಯುವ ದಿನಗಳು ಉಳಿಯುತ್ತವೆ. ಹಾಂ, ಕೋರ್ಟಿಗೆ ಸಲ್ಲಿಸಲೆಂದೇ ಮಾಡುವ ಅಫಿಡವಿಟ್‌ಗೆ ಛಾಪಾ ಕಾಗದ ಬೇಕಿಲ್ಲ. ಮುದ್ರಾಂಕ ಕಾಯ್ದೆಯಲ್ಲೇ ವಿನಾಯಿತಿ ಇದೆ. ಪಿಂಚಣಿ ಪಡೆಯಲು ಮಾತ್ರ ಬೇಕಾದ ಅಫಿಡವಿಟ್‌ಗೂ ಇದೇ ವಿನಾಯಿತಿ.

ಪ್ರಶ್ನೆ: ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ನನ್ನ ಯಜಮಾನರು ನಾಲ್ಕು ತಿಂಗಳಿಂದ ಕೋಮಾದಲ್ಲಿದ್ದಾರೆ. ದುಡ್ಡೆಲ್ಲ ಅವರೊಬ್ಬರ ಖಾತೆಯಲ್ಲಿದೆ. ಗಾರ್ಡಿಯನ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಹಾಕಿದ್ದ ಅರ್ಜಿ ವಾಪಸ್ ಬಂತು. ಹೆಬ್ಬೆಟ್ಟು ಒತ್ತಿಸಿ ಹಣ ತೆಗೆಯಬಹುದು ಎಂದು ಕೆಲವರು ಹೇಳುತ್ತಾರೆ. ಏನು ಮಾಡಲಿ?
– ಓದುಗರು, ಹಾವೇರಿ

ಉತ್ತರ: ತಾಯಿ, ಹೆಬ್ಬೆಟ್ಟಿನ ಕೆಲಸ ಮಾತ್ರ ಬೇಡ. ಕೈ ಆಡದಿದ್ದರೂ ಅರಿವಿರುವ ರೋಗಿಗೆ ಆ ಸೌಲಭ್ಯ. ಅಲ್ಲೂ ಇಬ್ಬರು ಸಾಕ್ಷಿಗಳು ಬೇಕು, ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು. ಅರಿವೇ ಇಲ್ಲದವರ ಬೆರಳು ಹಿಡಿದು ಒತ್ತಿಸಿದರೆ ಅದು ಅವರ ಒಪ್ಪಿಗೆ ಆಗುವುದಿಲ್ಲ.

ಅರ್ಜಿ ವಾಪಸ್ ಬಂದದ್ದಕ್ಕೆ ಕಾರಣ, 1890ರ ಆ ಕಾಯ್ದೆ ಅಪ್ರಾಪ್ತರಿಗೆ ಮಾತ್ರ ಸಂಬಂಧಪಟ್ಟದ್ದು. ಮಾನಸಿಕ ಅಸ್ವಸ್ಥರ ಆಸ್ತಿಗೆ ಮ್ಯಾನೇಜರ್ ನೇಮಿಸುವ ಅವಕಾಶ 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿತ್ತು. ಅದರ ಜಾಗಕ್ಕೆ 2018ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ 'ನಾಮನಿರ್ದೇಶಿತ ಪ್ರತಿನಿಧಿ'ಯನ್ನು ಕೊಟ್ಟಿದೆ. ಆ ಪ್ರತಿನಿಧಿಯ ಅಧಿಕಾರ ಚಿಕಿತ್ಸೆಗಷ್ಟೇ ಸೀಮಿತ, ಆಸ್ತಿಯ ಮಾತು ಅಲ್ಲಿ ಬಿಟ್ಟುಹೋಗಿದೆ. ಕೋಮಾದಲ್ಲಿರುವವರಿಗಂತೂ ನೇರವಾದ ಕಾನೂನೇ ಇಲ್ಲ. ಇಷ್ಟು ಕುಟುಂಬಗಳು ಒದ್ದಾಡುತ್ತಿರುವಾಗ ಸಂಸತ್ತು ಈ ಖಾಲಿ ಜಾಗವನ್ನು ಹಾಗೇ ಬಿಟ್ಟಿರುವುದು ಸರಿಯಲ್ಲ. ಹಾಗಾಗಿ ಅಸಹಾಯಕರಿಗೆ ನ್ಯಾಯಾಲಯವೇ ಹೆತ್ತವರ ಸ್ಥಾನದಲ್ಲಿ ನಿಲ್ಲುತ್ತದೆ ಎಂಬ ತತ್ವದ ಮೇಲೆ ಹೈಕೋರ್ಟುಗಳು 226ನೇ ವಿಧಿಯಡಿ ಗಾರ್ಡಿಯನ್ ನೇಮಿಸುತ್ತಿವೆ.

ನಿಮ್ಮ ಜಿಲ್ಲೆ ಧಾರವಾಡ ಪೀಠಕ್ಕೆ ಸೇರುತ್ತದೆ. ಕರ್ನಾಟಕ ಹೈಕೋರ್ಟಿನಲ್ಲಿ ರಿಟ್ ಅರ್ಜಿಯ ಶುಲ್ಕ ಅರ್ಜಿದಾರರೊಬ್ಬರಿಗೆ 100 ರೂಪಾಯಿ. ನೀವೂ ಮಗನೂ ಸೇರಿ ಹಾಕಿದರೆ 200. ವಕಾಲತ್ತಿಗೆ ಹಚ್ಚುವ ವಕೀಲರ ಕಲ್ಯಾಣ ನಿಧಿ ಸ್ಟ್ಯಾಂಪು, ಪ್ರತಿ ತೆಗೆಸುವ ಖರ್ಚು ಬೇರೆ. ದೊಡ್ಡ ಖರ್ಚೆಂದರೆ ವಕೀಲರ ಫೀ. ಅದನ್ನು ಮೊದಲೇ ಮಾತಾಡಿ ಬರವಣಿಗೆಯಲ್ಲಿ ಇಟ್ಟುಕೊಳ್ಳಿ.

ಬ್ಯಾಂಕನ್ನೂ ಸರ್ಕಾರವನ್ನೂ ಎದುರುದಾರರನ್ನಾಗಿ ಮಾಡಬೇಕು. ಬ್ಯಾಂಕನ್ನು ಸೇರಿಸದಿದ್ದರೆ ಆದೇಶ ಕೈಗೆ ಬಂದರೂ ಪಾಲನೆಗೆ ಮತ್ತೆ ಓಡಾಟ. ಕೇರಳ ಹೈಕೋರ್ಟ್ 2019ರಲ್ಲಿ ಇಂಥ ಪ್ರಕರಣಗಳಿಗೆ ವಿವರವಾದ ಮಾರ್ಗಸೂಚಿ ಹಾಕಿಕೊಟ್ಟಿದೆ: ರೋಗಿಯ ಆಸ್ತಿಯ ಪೂರ್ತಿ ವಿವರ, ನರರೋಗ ತಜ್ಞರಿರುವ ವೈದ್ಯಕೀಯ ಮಂಡಳಿಯ ವರದಿ, ತಹಶೀಲ್ದಾರರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಸ್ಥಳಕ್ಕೆ ಬಂದು ಕೊಡುವ ವರದಿ, ನೇಮಕವಾದ ಮೇಲೆ ಆರು ತಿಂಗಳಿಗೊಮ್ಮೆ ಲೆಕ್ಕ. ನಮ್ಮಲ್ಲೂ ಇದೇ ಸಾಲಿನಲ್ಲಿ ಕಾಗದ ಜೋಡಿಸಿಕೊಂಡು ಹೋದರೆ ಒಳ್ಳೆಯದು. ಆಸ್ಪತ್ರೆ ಬಿಲ್ ತುರ್ತಾಗಿದ್ದರೆ ಅದಕ್ಕೆ ಬೇಕಾದ ಮೊತ್ತವನ್ನು ಬ್ಯಾಂಕು ನೇರವಾಗಿ ಆಸ್ಪತ್ರೆಗೆ ಕಟ್ಟುವಂತೆ ಮಧ್ಯಂತರ ಅರ್ಜಿಯನ್ನೂ ಜೊತೆಗೇ ಹಾಕಿಸಿ. ಹಣ ನಿಮ್ಮ ಕೈಗೆ ಬರುವ ಬದಲು ಆಸ್ಪತ್ರೆಗೇ ಹೋಗುತ್ತದೆ ಎಂದಾಗ ಆದೇಶ ಸಿಗುವುದು ಸುಲಭ.

ಇನ್ನೊಂದು ಮಾತು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನಡಿ ಮಹಿಳೆಯರಿಗೂ ಅಂಗವಿಕಲರಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ವಕೀಲರಷ್ಟೇ ಅಲ್ಲ, ಕೋರ್ಟ್ ಫೀಯನ್ನೂ ಅವರೇ ಭರಿಸುತ್ತಾರೆ. ನಿಮ್ಮ ಜಿಲ್ಲಾ ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಕರೆ ಮಾಡಿ.

ಪ್ರಶ್ನೆ: ಮಗಳಿಗೆ ಬೌದ್ಧಿಕ ಅಂಗವೈಕಲ್ಯ ಇದೆ, ಈಗ 19 ವರ್ಷ. ಅವಳ ಹೆಸರಿನ ಖಾತೆಗೆ ನಾನು ಸಹಿ ಹಾಕಲು ಕೋರ್ಟಿಗೆ ಹೋಗಲೇಬೇಕೇ?
– ಓದುಗರು, ತುಮಕೂರು

ಉತ್ತರ: ಬೇಡ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಜಿಲ್ಲಾಧಿಕಾರಿಗಳ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡಿ. ಇದು ಕೋರ್ಟ್ ಅಲ್ಲ, ಆದ್ದರಿಂದ ಕೋರ್ಟ್ ಫೀ ಪ್ರಶ್ನೆಯೇ ಇಲ್ಲ. 18 ತುಂಬುವವರೆಗೆ ತಂದೆತಾಯಿಯೇ ಸಹಜ ಪಾಲಕರು. ಆಮೇಲೆ ಹೆತ್ತವರಾದರೂ ನೇಮಕ ಆಗಲೇಬೇಕು. ಬಹಳ ಮಂದಿ ಎಡವುವುದು ಇಲ್ಲೇ.

ಅಂಗವೈಕಲ್ಯದ ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ವಯಸ್ಸಿನ ದಾಖಲೆ, ತಂದೆ ಇದ್ದರೆ ಅವರ ಒಪ್ಪಿಗೆ ಇಟ್ಟುಕೊಳ್ಳಿ. ಯಾವ ಯಾವ ಕೆಲಸಕ್ಕೆ ಪಾಲಕರು ಬೇಕು ಎಂಬುದನ್ನು ಸಮಿತಿ ನೋಡುತ್ತದೆ, ಖಾತೆಯ ವಿಷಯವನ್ನು ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ.

ನೇಮಕವಾದ ಆರು ತಿಂಗಳೊಳಗೆ ಮಗಳ ಆಸ್ತಿ, ಬರಬೇಕಾದ ಹಣ, ಸಾಲಗಳ ಪಟ್ಟಿ ಸಮಿತಿಗೆ ಕೊಡಬೇಕು. ಆಮೇಲೆ ಪ್ರತಿ ಹಣಕಾಸು ವರ್ಷ ಮುಗಿದು ಮೂರು ತಿಂಗಳೊಳಗೆ, ಅಂದರೆ ಜೂನ್ ಕೊನೆಯೊಳಗೆ, ಜಮಾ-ಖರ್ಚಿನ ಲೆಕ್ಕ. ಅವಳ ಹಣವನ್ನು ನಿಮ್ಮ ಖಾತೆಗೆ ಬೆರೆಸಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಮೊತ್ತ, ಕಾರಣ ಬರೆದು ಔಷಧಿ ಅಂಗಡಿಯ ಬಿಲ್ ಪಕ್ಕದಲ್ಲೇ ಪಿನ್ ಮಾಡಿಡಿ. ಜೂನ್‌ನಲ್ಲಿ ಕೂತು ನೆನಪಿನಿಂದ ಲೆಕ್ಕ ಬರೆದರೆ ತಾಳೆಯಾಗುವುದಿಲ್ಲ.

ಪ್ರಶ್ನೆ: ಮಾನಸಿಕ ಅಸ್ವಸ್ಥನಾದ ತಮ್ಮನ ಸೈಟನ್ನು ಪಕ್ಕದವರು ಒತ್ತುವರಿ ಮಾಡಿದ್ದಾರೆ. ದಾವೆ ಹಾಕಲು ಮೊದಲು ಗಾರ್ಡಿಯನ್ ಆದೇಶ ತರಬೇಕೇ?
– ಓದುಗರು, ಮೈಸೂರು

ಉತ್ತರ: ಬೇಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 15ನೇ ನಿಯಮದಂತೆ ನೀವು ಅವರ 'ನೆಕ್ಸ್ಟ್ ಫ್ರೆಂಡ್' ಆಗಿ, ಅಂದರೆ ಅವರ ಪರವಾಗಿ ಕೋರ್ಟಿನಲ್ಲಿ ನಿಲ್ಲುವವರಾಗಿ ದಾವೆ ಹಾಕಬಹುದು. ತನ್ನ ಹಿತ ಕಾಯ್ದುಕೊಳ್ಳಲು ತಮ್ಮ ಅಶಕ್ತನೇ ಎಂದು ಅದೇ ನ್ಯಾಯಾಲಯ ವಿಚಾರಣೆ ಮಾಡಿ ನಿರ್ಧರಿಸುತ್ತದೆ. ಇಲ್ಲಿ ಮಾತ್ರ ಕೋರ್ಟ್ ಫೀ ಮಾಮೂಲಿ ದಾವೆಯಂತೆಯೇ, ಕೇಳುವ ಪರಿಹಾರಕ್ಕೆ ತಕ್ಕಂತೆ. ಆ ಸೈಟಿನಲ್ಲಿ ನಿಮ್ಮದೇ ಪಾಲಿನ ತಕರಾರು ಇದ್ದರೆ ನೀವು ನಿಲ್ಲಬೇಡಿ, ಹಿತಾಸಕ್ತಿ ಇಲ್ಲದ ಇನ್ನೊಬ್ಬರು ನಿಲ್ಲಲಿ. ಪಕ್ಕದವರು ರಾಜಿಗೆ ಬಂದರೂ ನ್ಯಾಯಾಲಯದ ಅನುಮತಿ ಪಡೆಯದೆ ಸಹಿ ಹಾಕಬೇಡಿ. ಅನುಮತಿಯಿಲ್ಲದ ರಾಜಿಯನ್ನು ಮುಂದೆ ತಮ್ಮನ ಪರವಾಗಿ ರದ್ದು ಮಾಡಿಸಬಹುದು.