ಎಚ್‌ಎಸ್‌ಎಗೆ ನಾವೇ ಹಣ ಹಾಕಿದರೂ, ಸಂಬಳದಿಂದ ಹೋದರೂ ತೆರಿಗೆ ಉಳಿತಾಯ ಒಂದೇನಾ?

ಒಂದೇ ಅಲ್ಲ. ಎಚ್‌ಎಸ್‌ಎ ಅಂದರೆ ಅಮೆರಿಕದ ಹೆಲ್ತ್ ಸೇವಿಂಗ್ಸ್ ಅಕೌಂಟ್, ವೈದ್ಯಕೀಯ ಖರ್ಚಿಗೆ ಹಣ ಕೂಡಿಡುವ ಖಾತೆ. ಅದಕ್ಕೆ ಕಂಪನಿಯ ಪೇರೋಲ್ ಮೂಲಕ, ಅಂದರೆ ಸಂಬಳದಿಂದಲೇ ಕಡಿತವಾಗಿ ಹಣ ಹೋದರೆ ಉಳಿತಾಯ ಜಾಸ್ತಿ.

ಅಲ್ಲಿ ಸಂಬಳಕ್ಕೆ ಎರಡು ತೆರಿಗೆ ಬೀಳುತ್ತವೆ: ಆದಾಯ ತೆರಿಗೆ, ಜೊತೆಗೆ ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಮತ್ತು ಮೆಡಿಕೇರ್‌ಗೆ (ಹಿರಿಯರ ಆರೋಗ್ಯ ವಿಮೆ) 7.65%. ಪೇರೋಲ್‌ನಲ್ಲಿ ಕಡಿತವಾದ ಹಣ ಸಂಬಳದ ಲೆಕ್ಕಕ್ಕೇ ಬರುವುದಿಲ್ಲ, ಹಾಗಾಗಿ ಎರಡೂ ತಪ್ಪುತ್ತವೆ. ನೀವೇ ಬ್ಯಾಂಕಿನಿಂದ ಹಾಕಿದರೆ ತೆರಿಗೆ ರಿಟರ್ನ್‌ನ 8889 ಫಾರ್ಮ್‌ನಲ್ಲಿ ಆ ಮೊತ್ತವನ್ನು ಆದಾಯದಿಂದ ಕಳೆಯಬಹುದು. ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ಪಟ್ಟಿ ಕೊಡದೆ ಸಿಗುವ ನಿಗದಿತ ಕಡಿತ) ತೆಗೆದುಕೊಂಡರೂ ಇದು ಸಿಗುತ್ತದೆ. ಆದರೆ ಆ 7.65% ಆಗಲೇ ಹೋಗಿರುತ್ತದೆ, ವಾಪಸ್ ಬರುವುದಿಲ್ಲ. ಸಾಮಾನ್ಯ ಸಂಬಳದವರು 3,000 ಡಾಲರ್ ಹಾಕಿದರೆ ಸುಮಾರು 230 ಡಾಲರ್ ಸುಮ್ನೆ ಕಳೆದುಕೊಂಡಂತೆ. ಕಮ್ಮಿಯೇನಲ್ಲ, ಅಲ್ವಾ?

ಪೇರೋಲ್‌ನಲ್ಲಿ ಹೋದದ್ದನ್ನು ರಿಟರ್ನ್‌ನಲ್ಲಿ ಮತ್ತೆ ಕಳೆಯಬೇಡಿ. ಖಾತೆಗೆ ಹಾಕಬಹುದಾದ 2025ರ ಮಿತಿ ಒಬ್ಬರಿಗೆ 4,300, ಕುಟುಂಬಕ್ಕೆ 8,550 ಡಾಲರ್; ಕಂಪನಿ ಕೊಡುವ ಪಾಲೂ ಇದರೊಳಗೇ ಸೇರುತ್ತದೆ.

ಬೇ ಏರಿಯಾದ ಕನ್ನಡಿಗರೇ, ಕ್ಯಾಲಿಫೋರ್ನಿಯಾ ಈ ವಿನಾಯಿತಿಯನ್ನು ಒಪ್ಪುವುದಿಲ್ಲ. ಅಲ್ಲಿ ರಾಜ್ಯದ ತೆರಿಗೆ ಕಟ್ಟಲೇಬೇಕು.