ಅಲೋಲಿಸ್ಟ್‌ನಲ್ಲಿ ಹೆಸರಿನ ಮೊದಲಿರುವ ಆ ಚುಕ್ಕೆಯನ್ನು ತೆಗೆಯಿರಿ

ಸರ್, ಕಚೇರಿಯ 35 ಕಂಪ್ಯೂಟರ್‌ಗಳಿಗೆ ಕ್ರೋಮ್‌ನ ಯುಆರ್‌ಎಲ್ ಬ್ಲಾಕ್‌ಲಿಸ್ಟ್‌ನಲ್ಲಿ (ತಡೆಯುವ ತಾಣಗಳ ಪಟ್ಟಿ) ಎಲ್ಲವನ್ನೂ ತಡೆಯುವ * ಹಾಕಿ, ಬೇಕಾದ 12 ತಾಣಗಳನ್ನು ಅಲೋಲಿಸ್ಟ್‌ಗೆ (ಬಿಡುವ ತಾಣಗಳ ಪಟ್ಟಿ) ಸೇರಿಸಿದ ಮೇಲೂ ಅರ್ಧಕ್ಕರ್ಧ ತಾಣಗಳು ತೆರೆಯುತ್ತಿಲ್ಲ, ಒಂದು ಯಂತ್ರದಲ್ಲಿ ಮಾತ್ರ ಎಲ್ಲವೂ ಸರಿಯಿದೆ, ಕ್ರೋಮ್ ಪ್ರೊಫೈಲ್ ಇರುವ ಅದರ ಯೂಸರ್ ಡೇಟಾ ಫೋಲ್ಡರನ್ನೇ ಉಳಿದವಕ್ಕೆ ನಕಲು ಮಾಡುತ್ತೇನೆ ಎಂದು ಬರೆದಿದ್ದೀರಿ. ದಯವಿಟ್ಟು ಪೆನ್ ಡ್ರೈವನ್ನು ಕೆಳಗಿಡಿ. ನೀವು ಹಾಕಿರುವ ಸ್ಕ್ರೀನ್‌ಶಾಟ್‌ನಲ್ಲಿ 12 ಹೆಸರುಗಳ ಮೊದಲೂ ಒಂದೊಂದು ಚುಕ್ಕೆ ಇದೆ. ಅದನ್ನು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ, ಏಕೆಂದರೆ ಇದೇ ಚುಕ್ಕೆಯನ್ನು ನಾನೂ ಹಾಕಿದ್ದೆ.

ನೀವೂ ನನ್ನ ಹಾಗೆಯೇ ಸ್ಕ್ವಿಡ್ ಪ್ರಾಕ್ಸಿಯಲ್ಲಿ (ಇಂಟರ್ನೆಟ್ ಬಳಕೆಯನ್ನು ನಡುವೆ ನಿಂತು ಸೋಸುವ ತಂತ್ರಾಂಶ) ಪಳಗಿದವರಿರಬೇಕು. ಅಲ್ಲಿ ಹೆಸರಿನ ಮೊದಲು ಚುಕ್ಕೆ ಇಟ್ಟರೆ ಆ ಡೊಮೇನ್ ಮತ್ತು ಅದರ ಎಲ್ಲ ಸಬ್‌ಡೊಮೇನ್‌ಗಳು (ಅದೇ ಹೆಸರಿನ ಮೊದಲು ಇನ್ನೊಂದು ಪದ ಸೇರಿದವು) ಎಂದರ್ಥ. ಕ್ರೋಮ್ ಮತ್ತು ಎಡ್ಜ್‌ನ ಈ ಪಟ್ಟಿಗಳಲ್ಲಿ ಅರ್ಥ ಪೂರ್ತಿ ತಿರುಗುಮುರುಗು: ಚುಕ್ಕೆಯಿಲ್ಲದ ಹೆಸರು ಸಬ್‌ಡೊಮೇನ್‌ಗಳನ್ನೂ ಒಳಗೊಳ್ಳುತ್ತದೆ, ಚುಕ್ಕೆ ಇಟ್ಟರೆ ಆ ಒಂದು ಹೋಸ್ಟ್ (ಬರೆದಷ್ಟೇ ಹೆಸರು) ಮಾತ್ರ ಉಳಿದು, ಅದಕ್ಕೆ ಡಬ್ಲ್ಯುಡಬ್ಲ್ಯುಡಬ್ಲ್ಯು ಸೇರಿಸಿದರೂ ಬಾಗಿಲು ಮುಚ್ಚಿಕೊಳ್ಳುತ್ತದೆ. ನಿಮ್ಮಲ್ಲಿ ಅರ್ಧ ತಾಣಗಳು ತೆರೆದು ಅರ್ಧ ತೆರೆಯದಿರುವುದು ಇದರಿಂದಲೇ.

ನಾನಾಗ ಒಂದು ಕಾಲೇಜಿನ ಕಚೇರಿಯ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಶನಿವಾರ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಈ ಪಟ್ಟಿಗಳಿದ್ದ ಜಿಪಿಒವನ್ನು (ಎಲ್ಲ ಯಂತ್ರಗಳಿಗೆ ಒಟ್ಟಿಗೆ ಸೆಟ್ಟಿಂಗ್ ಕಳಿಸುವ ವಿಂಡೋಸ್ ಗ್ರೂಪ್ ಪಾಲಿಸಿ) ನೇರವಾಗಿ ಕಚೇರಿಯ ವಿಂಡೋಸ್ ಡೊಮೇನ್‌ನ ಬುಡಕ್ಕೇ ಕಟ್ಟಿ, ನನ್ನ ಯಂತ್ರದಲ್ಲಿ ಕಾಲೇಜಿನ ತಾಣ ತೆರೆದದ್ದನ್ನು ನೋಡಿ ಸಮಾಧಾನದಿಂದ ಹೊರಟೆ. ಸೋಮವಾರ ಶುಲ್ಕ ಕಟ್ಟುವ ಕೊನೆಯ ದಿನ. ಕೌಂಟರಿನಲ್ಲಿ ಶುಲ್ಕದ ಪುಟ ತೆರೆಯುತ್ತದೆ, ವಿದ್ಯಾರ್ಥಿಯ ಹೆಸರು ಬರುತ್ತದೆ, ಪಾವತಿಯ ಗುಂಡಿ ಒತ್ತಿದೊಡನೆ ನಿರ್ವಾಹಕರು ನಿರ್ಬಂಧಿಸಿದ್ದಾರೆ ಎಂಬ ಬಿಳಿ ಪುಟ. ಪೇಮೆಂಟ್ ಗೇಟ್‌ವೇ ಬೇರೆ ಸಬ್‌ಡೊಮೇನ್‌ನಲ್ಲಿತ್ತು, ಅಲ್ಲಿಂದ ಮುಂದೆ ಬ್ಯಾಂಕಿನ ಪುಟ ಮೂರನೆಯ ಹೆಸರಿನಲ್ಲಿತ್ತು. ಸಾಲು ಮೆಟ್ಟಿಲಿನವರೆಗೆ ಬೆಳೆಯಿತು. ಗುಮಾಸ್ತೆ ಮೇಡಂ ಒಬ್ಬರು, “ಶನಿವಾರದವರೆಗೆ ಚೆನ್ನಾಗಿತ್ತಲ್ಲ ಸರ್, ಏನು ರಿಪೇರಿ ಮಾಡಿದಿರಿ?” ಎಂದು ಕೇಳಿದ್ದು ಇಂದಿಗೂ ಕಿವಿಯಲ್ಲಿದೆ. ನಾನು ಜಿಪಿಒವನ್ನು ಕಿತ್ತುಹಾಕಿದರೂ ಎಲ್ಲ ಯಂತ್ರಗಳು ಕೂಡಲೇ ಚೇತರಿಸಿಕೊಳ್ಳಲಿಲ್ಲ. ಗ್ರೂಪ್ ಪಾಲಿಸಿಯ ಹಿನ್ನೆಲೆ ರಿಫ್ರೆಶ್‌ಗೆ 90 ನಿಮಿಷ, ಅದರ ಮೇಲೆ 30 ನಿಮಿಷದವರೆಗಿನ ಹೆಚ್ಚುವರಿ ಅಂತರ ಬೇರೆ. ಯಂತ್ರದಿಂದ ಯಂತ್ರಕ್ಕೆ ಓಡಿ ಪಾಲಿಸಿಯನ್ನು ಕೂಡಲೇ ತರಿಸುವ ಜಿಪಿಅಪ್‌ಡೇಟ್ /ಫೋರ್ಸ್ ಆಜ್ಞೆ ಕೊಟ್ಟು ಮುಗಿಸುವಾಗ ಮಧ್ಯಾಹ್ನವಾಗಿತ್ತು.

ನಿಮ್ಮ ಆ ಒಂದು “ಸರಿಯಿರುವ” ಯಂತ್ರದಲ್ಲಿ ಕ್ರೋಮ್://ಪಾಲಿಸಿ ಪುಟವನ್ನು ತೆರೆದು ನೋಡಿ. ಪಟ್ಟಿ ಖಾಲಿಯಿರುತ್ತದೆ ಎಂದೇ ನನ್ನ ಊಹೆ. ಅದು ಬೇರೆ ಒಯುನಲ್ಲಿ (ಡೊಮೇನ್‌ನೊಳಗಿನ ಯಂತ್ರಗಳ ಗುಂಪು) ಇರಬೇಕು ಅಥವಾ ಅದಕ್ಕೆ ಪಾಲಿಸಿ ಇನ್ನೂ ತಲುಪಿರಲಿಕ್ಕಿಲ್ಲ. ಫೋಲ್ಡರ್ ನಕಲು ಮಾಡಿ ಪ್ರಯೋಜನವೂ ಇಲ್ಲ. ಪಾಲಿಸಿ ಕೂರುವುದು ರಿಜಿಸ್ಟ್ರಿಯಲ್ಲಿ, ಪ್ರೊಫೈಲ್‌ನಲ್ಲಲ್ಲ. ಉಳಿಸಿದ ಪಾಸ್‌ವರ್ಡ್‌ಗಳ ಗೂಢಲಿಪಿ ಆಯಾ ವಿಂಡೋಸ್ ಖಾತೆಗೆ ಅಂಟಿರುವುದರಿಂದ ನಕಲಿನಲ್ಲಿ ಅವು ಬಿಚ್ಚಿಕೊಳ್ಳುವುದಿಲ್ಲ. ಮುಖಪುಟದಂಥ ಸೆಟ್ಟಿಂಗ್‌ಗಳನ್ನು ಬೇರೆಡೆಯಿಂದ ತಂದವು ಎಂದು ಗುರುತಿಸಿ ಕ್ರೋಮ್ ತಾನೇ ರೀಸೆಟ್ ಮಾಡುತ್ತದೆ.

ಆ ಸೋಮವಾರದ ನಂತರ ನಾನು ಬಿಡದೆ ಪಾಲಿಸುವ ಕ್ರಮವೆಂದರೆ ಮೂರು ಯಂತ್ರಗಳ ಪ್ರತ್ಯೇಕ ಒಯು. ಅದರಲ್ಲಿ ನನ್ನದು ಇರುವುದಿಲ್ಲ. ಲೆಕ್ಕಪತ್ರ ವಿಭಾಗದ್ದೊಂದು ಇರಲೇಬೇಕು, ಏಕೆಂದರೆ ಬ್ಯಾಂಕು, ಜಿಎಸ್‌ಟಿ, ಖಜಾನೆ ಎಂದು ಅತಿ ಹೆಚ್ಚು ತಾಣಗಳನ್ನು ಸುತ್ತಿ ಬರುವವರು ಅವರೇ. ಒಂದು ಪೂರ್ತಿ ವಾರ, ಸಾಧ್ಯವಾದರೆ ಜಿಎಸ್‌ಟಿ ರಿಟರ್ನ್‌ನ ಗಡಿಬಿಡಿಯಿರುವ ತಿಂಗಳ 20ನೇ ತಾರೀಖು ಒಳಗೊಳ್ಳುವಂತೆ, ಅಲ್ಲಿ ಓಡಿಸಿದ ಮೇಲೆಯೇ ಉಳಿದವರಿಗೆ. ಪಾಲಿಸಿಯನ್ನು ಕಂಪ್ಯೂಟರ್ ಕಾನ್ಫಿಗರೇಶನ್‌ನಲ್ಲೇ ಇಡಿ. ಒಂದೇ ಪಟ್ಟಿಯನ್ನು ಎರಡು ಜಿಪಿಒಗಳಲ್ಲಿ ತುಂಬಿದರೆ ಎರಡೂ ಕೂಡಿಕೊಳ್ಳುತ್ತವೆ ಎಂದು ನಂಬಬೇಡಿ; ಕೊನೆಗೆ ಅನ್ವಯವಾದದ್ದೇ ನಿಲ್ಲುತ್ತದೆ. ಮುಖಪುಟದಂಥ ಸಣ್ಣ ವಿಷಯಗಳನ್ನು ರೆಕಮೆಂಡೆಡ್ ಭಾಗದಲ್ಲಿ ಕೊಟ್ಟರೆ ಬಳಕೆದಾರರು ಬೇಕಾದಂತೆ ಬದಲಿಸಿಕೊಳ್ಳುತ್ತಾರೆ, ಜಗಳವೂ ಇರುವುದಿಲ್ಲ.

ಚುಕ್ಕೆ ತೆಗೆದ ಮಾತ್ರಕ್ಕೆ ಎಲ್ಲ ಕಡೆಯೂ ಅದೇ ಬರಹ ನಡೆಯುತ್ತದೆ ಎಂದುಕೊಳ್ಳಬೇಡಿ. ಪಾಪ್‌ಅಪ್‌ಗೆ ಅನುಮತಿ ಕೊಡುವ ಪಾಲಿಸಿಯಲ್ಲಿ ಸಬ್‌ಡೊಮೇನ್‌ಗಳು ಬೇಕೆಂದರೆ ಹೆಸರಿನ ಮೊದಲು [*.] ಎಂದು ಬರೆಯಬೇಕು. ಫೈರ್‌ಫಾಕ್ಸ್‌ನ ವೆಬ್‌ಸೈಟ್ ಫಿಲ್ಟರ್‌ಗೆ *://*.ತಾಣ/* ಎಂಬ ರೂಪವೇ ಆಗಬೇಕು. ಹೀಗಿದ್ದರೂ ನನ್ನ ಒಲವು ಸಂಸ್ಥೆಗಳಿಗಾಗಿರುವ ಫೈರ್‌ಫಾಕ್ಸ್ ಇಎಸ್‌ಆರ್ ಆವೃತ್ತಿಯ ಕಡೆಗೇ: ಡಿಸ್ಟ್ರಿಬ್ಯೂಶನ್ ಫೋಲ್ಡರಿನಲ್ಲಿ ಪಾಲಿಸಿಗಳನ್ನು ಬರೆದ ಒಂದು ಜೇಸನ್ ಕಡತ ಇಟ್ಟರೆ ಕೆಲಸ ಮುಗಿಯಿತು, ತಪ್ಪಿದ್ದರೆ ಅಬೌಟ್:ಪಾಲಿಸೀಸ್ ಪುಟವೇ ಹೇಳುತ್ತದೆ. ಎಡ್ಜ್‌ನಲ್ಲಿ ಮೊದಲ ಬಾರಿಯ ಸ್ವಾಗತ ಪುಟ, ಪಕ್ಕದ ಪಟ್ಟಿ, ಹೊಸ ಟ್ಯಾಬಿನ ಸುದ್ದಿ ಎಂದು ಒಂದೊಂದನ್ನೇ ನಿಲ್ಲಿಸುವುದರಲ್ಲಿ ಅರ್ಧ ದಿನ ಹೋಗುತ್ತದೆ. ಆದರೆ ಹಳೆಯ ಸರ್ಕಾರಿ ತಾಣಗಳಿಗೆ ಎಡ್ಜ್‌ನ ಐಇ (ಇಂಟರ್ನೆಟ್ ಎಕ್ಸ್‌ಪ್ಲೋರರ್) ಮೋಡ್ ಬೇಕಾದವರಿಗೆ ಬೇರೆ ದಾರಿಯಿಲ್ಲ.

ಸ್ಕ್ರೀನ್‌ಶಾಟ್‌ನಲ್ಲಿ ಇನ್ನೊಂದು ಕಂಡಿತು. ನಿಮ್ಮ ಎಡಿಎಂಎಕ್ಸ್ ಟೆಂಪ್ಲೇಟಿನಲ್ಲಿ (ಗ್ರೂಪ್ ಪಾಲಿಸಿಗೆ ಕ್ರೋಮ್‌ನ ಸೆಟ್ಟಿಂಗ್‌ಗಳ ಹೆಸರು ಕೊಡುವ ಕಡತ) ಬ್ಲಾಕ್‌ಲಿಸ್ಟ್ ಪಕ್ಕದಲ್ಲೇ ಹಳೆಯ “ಬ್ಲ್ಯಾಕ್‌ಲಿಸ್ಟ್” ಹೆಸರೂ ಇದೆ. ಆ ಹೆಸರುಗಳು 2020ರಲ್ಲಿ, ಕ್ರೋಮ್ 86ರ ಹೊತ್ತಿಗೆ ಬದಲಾದವು. ಹಳೆಯದರಲ್ಲಿ ತುಂಬಿದ್ದನ್ನು ಇಂದಿನ ಕ್ರೋಮ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೊಸ ಟೆಂಪ್ಲೇಟನ್ನು ಡೊಮೇನ್ ಸರ್ವರಿನ ಸಿಸ್‌ವಾಲ್ ಫೋಲ್ಡರಿನ ಸೆಂಟ್ರಲ್ ಸ್ಟೋರ್‌ಗೆ ಹಾಕಿ. ಡೊಮೇನ್‌ಗೆ ಸೇರದ ಲ್ಯಾಪ್‌ಟಾಪ್‌ಗಳಿದ್ದರೆ, ರಿಜಿಸ್ಟ್ರಿಯಲ್ಲಿ ಕೈಯಿಂದ ಬರೆದ ಮುಖಪುಟ, ಹುಡುಕಾಟದಂಥ ಕೆಲವು ಪಾಲಿಸಿಗಳನ್ನು ವಿಂಡೋಸ್‌ನಲ್ಲಿ ಕ್ರೋಮ್ ಉದ್ದೇಶಪೂರ್ವಕವಾಗಿಯೇ ಕಡೆಗಣಿಸುತ್ತದೆ. ಆ ಲ್ಯಾಪ್‌ಟಾಪ್‌ಗಳ ಕ್ರೋಮನ್ನು ಗೂಗಲ್‌ನ ಕ್ಲೌಡ್ ಮ್ಯಾನೇಜ್‌ಮೆಂಟ್‌ಗೆ ಟೋಕನ್ ಕೊಟ್ಟು ನೋಂದಾಯಿಸಬೇಕಾಗುತ್ತದೆ, ಅದಕ್ಕೆ ಶುಲ್ಕವಿಲ್ಲ.

ಡಿಎಸ್‌ಸಿ (ಡಿಜಿಟಲ್ ಸಹಿ) ಟೋಕನ್ ಬಳಸುವವರಿದ್ದರೆ ಒಂದು ಮಾತು. ಸಹಿ ಹಾಕುವ ತಂತ್ರಾಂಶದೊಂದಿಗೆ ತಾಣವು ಅದೇ ಯಂತ್ರದ 127.0.0.1 ವಿಳಾಸದಲ್ಲಿ ಮಾತಾಡುತ್ತದೆ. ಕ್ರೋಮ್ 142ರಿಂದ ಇದಕ್ಕೆ ಬಳಕೆದಾರರ ಅನುಮತಿ ಕೇಳುವ ಪೆಟ್ಟಿಗೆ ಬರುತ್ತಿದ್ದು, ಅವಸರದಲ್ಲಿ “ಬೇಡ” ಒತ್ತಿದವರು ಟೋಕನ್ ಕೆಟ್ಟಿದೆ ಎಂದು ದೂರು ತರುತ್ತಾರೆ. ಲೋಕಲ್ ನೆಟ್‌ವರ್ಕ್ ಆಕ್ಸೆಸ್‌ನ ಅನುಮತಿ ಪಾಲಿಸಿಯಲ್ಲಿ ಆ ತಾಣಗಳನ್ನು ಮೊದಲೇ ಸೇರಿಸಿಡಿ.

ಚುಕ್ಕೆ ತೆಗೆದು, ಒಂದು ಯಂತ್ರದಲ್ಲಿ ಜಿಪಿಅಪ್‌ಡೇಟ್ ಕೊಟ್ಟು, ಪಾಲಿಸಿ ಪುಟದಲ್ಲಿ ರೀಲೋಡ್ ಒತ್ತಿ, ಅಲೋಲಿಸ್ಟ್‌ನ ಸಾಲನ್ನು ಬಿಚ್ಚಿದ ಸ್ಕ್ರೀನ್‌ಶಾಟನ್ನು ಇಲ್ಲಿ ಹಾಕಿ. ಪಾವತಿಯ ಪುಟ ಆಗಲೂ ನಿಂತರೆ, ಆ ಬಿಳಿ ಪುಟ ಬಂದಾಗ ವಿಳಾಸ ಪಟ್ಟಿಯಲ್ಲಿ ಕಾಣುವ ಹೋಸ್ಟ್ ಹೆಸರನ್ನೂ ಜೊತೆಗೆ ಬರೆಯಿರಿ.