ಮಂಡಿ ನೋವಂತ ಹೋದರೆ ಮಂಡಿಯನ್ನೇ ಮುಟ್ಟಲಿಲ್ಲ

ಪ್ರಶ್ನೆ: ನನಗೆ 36 ವರ್ಷ, ತೂಕ 94 ಕಿಲೋ. ಎರಡು ತಿಂಗಳ ಹಿಂದೆ ಮೆಟ್ಟಿಲಿಳಿಯುವಾಗ ಕಾಲು ತಿರುಚಿ ಬಲ ಮಂಡಿ ಊದಿಕೊಂಡಿತು. ಊತ ಇಳಿದಿದೆ, ಆದರೆ ಆಗಾಗ ಮಂಡಿ ಹಿಡಿದುಕೊಂಡುಬಿಡುತ್ತದೆ. ಡಾಕ್ಟರು ಕುರ್ಚಿಯಿಂದ ಏಳಲೂ ಇಲ್ಲ. 'ಮೊದಲು 20 ಕಿಲೋ ಇಳಿಸಮ್ಮಾ, ಆಮೇಲೆ ನೋಡೋಣ' ಅಂದರು. ಹೊರಗೆ ಕೂತವರಿಗೂ ಕೇಳಿಸಿತು. ಬಿಪಿನೂ ಜಾಸ್ತಿಯಂತೆ. ಆಮೇಲೆ ನಾನು ಎಲ್ಲೂ ತೋರಿಸಿಲ್ಲ. ನಂದೇ ತಪ್ಪಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಲ್ಲಮ್ಮಾ. ಕಾಲು ತಿರುಚಿ, ಊದಿ, ಆಮೇಲೆ ಮಂಡಿ ಹಿಡಿದುಕೊಳ್ಳುತ್ತಿದೆ ಅಂದರೆ ನಮಗೆ ಮೊದಲು ಬರಬೇಕಾದ ಅನುಮಾನ ಮೆನಿಸ್ಕಸ್ ಹರಿದಿರಬಹುದಾ ಅಂತ. ಮಂಡಿಯೊಳಗಿನ ಮೆತ್ತೆ ಅದು. 55 ಕಿಲೋ ಇರುವ ಹುಡುಗ ಇದನ್ನೇ ಹೇಳಿದ್ದರೆ ಮಂಚದ ಮೇಲೆ ಮಲಗಿಸಿ, ಮಂಡಿ ಮಡಚಿ ತಿರುಗಿಸಿ ನೋಡುತ್ತಿದ್ದರು, ಬೇಕಿದ್ದರೆ ಎಂಆರ್‌ಐ ಬರೆಯುತ್ತಿದ್ದರು. ನಿಮಗೆ ಸಿಕ್ಕಿದ್ದು ಬುದ್ಧಿಮಾತು.

ತೂಕಕ್ಕೂ ಮಂಡಿಗೂ ಸಂಬಂಧವೇ ಇಲ್ಲ ಅಂತ ನಾನು ಹೇಳಲ್ಲ. 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ಸುಮಾರು 4 ಕಿಲೋ ಭಾರ ಕಡಿಮೆಯಾಗುತ್ತದೆ. ಆದರೆ ಹರಿದ ಮೆತ್ತೆ ಅದರಿಂದ ಕೂಡಿಕೊಳ್ಳಲ್ಲ, ಅಲ್ವಾ? ಅಷ್ಟಕ್ಕೂ ಕೀಲು ಹಿಡಿದುಕೊಂಡಿರುವಾಗ ವಾಕಿಂಗ್ ಮಾಡೋದು ಹೇಗೆ?

ಇನ್ನು ಬಿಪಿ. ಆವತ್ತು ತೋಳಿಗೆ ಸುತ್ತಿದ ಪಟ್ಟಿ ಬಿಗಿಯಾಗಿ, ಅಂಟಿಸಿದ ಕಡೆ ಪರ್‌ರ್ ಅಂತ ಬಿಟ್ಟುಕೊಳ್ಳುತ್ತಿತ್ತಾ? ಹಾಗಿದ್ದರೆ ಆ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಕೆಲವರಲ್ಲಿ 10ಕ್ಕೂ ಹೆಚ್ಚು. ಟೈಲರ್ ಟೇಪಿನಲ್ಲಿ ತೋಳಿನ ನಡುಭಾಗ ಅಳೆಯಿರಿ. 34 ಸೆಂಟಿಮೀಟರ್ ದಾಟಿದರೆ ದೊಡ್ಡ ಪಟ್ಟಿ ಬೇಕು ಅಂತಲೇ ಕೇಳಿ. ಎಷ್ಟೋ ಕ್ಲಿನಿಕ್ಕುಗಳಲ್ಲಿ ಇರುವುದು ಒಂದೇ ಪಟ್ಟಿ, ಎಲ್ಲರಿಗೂ ಅದೇ!

ನಾಚಿಕೆಯಾಗಿ ಆಸ್ಪತ್ರೆಯನ್ನೇ ಬಿಟ್ಟವರು ನೀವೊಬ್ಬರೇ ಅಲ್ಲ. 2020ರಲ್ಲಿ ಹಲವು ದೇಶಗಳ ತಜ್ಞರು ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಇದರ ಬಗ್ಗೆಯೇ ಒಂದು ಜಂಟಿ ಹೇಳಿಕೆ ಕೊಟ್ಟರು. ದಪ್ಪಗಿರುವವರನ್ನು ಹೀಗಳೆದರೆ ಅವರ ಮೈಗೂ ಮನಸ್ಸಿಗೂ ಕೆಡುಕೇ, ಚಿಕಿತ್ಸೆಯೂ ಸರಿಯಾಗಿ ಸಿಗಲ್ಲ ಅನ್ನುವುದು ಅದರ ಸಾರ. ಬೈದರೆ ತೂಕ ಇಳಿಯುತ್ತೆ ಅಂದುಕೊಂಡಿರುವ ಡಾಕ್ಟರು ನಮ್ಮಲ್ಲಿ ಇನ್ನೂ ಇದ್ದಾರೆ, ಏನು ಮಾಡೋಣ.

ಈಗ ಬೇರೆ ಮೂಳೆ ಡಾಕ್ಟರನ್ನು ನೋಡಿ. 'ತೂಕದ ಮಾತು ಆಮೇಲೆ ಆಡೋಣ ಸರ್, ಮೊದಲು ಮಂಡಿ ನೋಡಿ' ಅಂತ ಶುರು ಮಾಡಿ. ಬೇಕಿದ್ದರೆ ಮನೆಯವರನ್ನು ಜೊತೆಗೆ ಕರ್ಕೊಂಡು ಹೋಗಿ. ತೂಕ ಯಾಕೆ ಏರಿತು ಅನ್ನುವುದನ್ನು ನಿಧಾನವಾಗಿ ನೋಡಬಹುದು: ಥೈರಾಯ್ಡ್, ಪಿಸಿಓಎಸ್ (ಹೆಂಗಸರಲ್ಲಿ ಹಾರ್ಮೋನ್ ಏರುಪೇರಿನ ತೊಂದರೆ), ನುಂಗುತ್ತಿರುವ ಮಾತ್ರೆ, ಏನಾದರೂ ಇರಬಹುದು. ಆದರೆ ಮಂಡಿ ಸಿಕ್ಕಿಹಾಕಿಕೊಂಡು ನೆಟ್ಟಗಾಗದೇ ಹೋದರೆ ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ, ಅವತ್ತೇ ಹೋಗಿ.